ಕಲ್ಮಲದಲ್ಲಿ ನಿಂತ ಪುಟ

ಆಚೆಮೊನ್ನೆ ಮಧ್ಯಾಹ್ನ ಊಟ ಮುಗಿಸಿ, ಕಾಲು ಚಾಚಿ ಕುಳಿತು, ಅಕ್ಕನ ಮಗಳ ಮದುವೆಗೆಂದು ಫೋನಿನಲ್ಲಿ ಕಲ್ಯಾಣ ಮಂಟಪ ಹುಡುಕುತ್ತಿದ್ದೆ. ನಮ್ಮದು ಪಂಚಾಂಗ ಬಿಡಿಸಿ ಮುಹೂರ್ತ ನೋಡುವ ಮನೆತನವಲ್ಲ. ಬುದ್ಧವಂದನೆ ಹೇಳಿ, ಮಾಲೆ ಹಾಕಿಸಿ, ಊಟಕ್ಕೆ ಎಬ್ಬಿಸಿಬಿಡುವವರು. ಹಾಗಾಗಿ ನಮಗೆ ಶುಭದಿನವೆಂದರೆ ಭಾನುವಾರ, ಅದರಲ್ಲೂ ಮಂಟಪ ಖಾಲಿ ಇರುವ ಭಾನುವಾರ. ಗಂಡಿನ ಕಡೆಯವರು ದೇವದುರ್ಗದವರು. ತಮ್ಮೂರಿನ ಒಂದು ಮಂಟಪದ ಹೆಸರು ಹೇಳಿ, "ಎಲ್ಲಾ ಆನ್‌ಲೈನ್ಯಾಗ ಅದ, ನೀವ ನೋಡ್ಕೋರಿ. ಹೆಂಗೂ ನೀವು ಕಂಪ್ಯೂಟರ್ ಮೇಡಂ ಅದೀರಿ" ಎಂದು ಆ ಕೆಲಸವನ್ನು ನಯವಾಗಿ ನನ್ನ ತಲೆಗೆ ಕಟ್ಟಿದ್ದರು. ಮಾನ್ವಿಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತೇನೆ ಎಂಬ ಒಂದೇ ಕಾರಣಕ್ಕೆ ನಮ್ಮ ಬಂಧುಬಳಗದ ಮೊಬೈಲ್ ರಿಪೇರಿಯಿಂದ ಹಿಡಿದು ಆಧಾರ್ ತಿದ್ದುಪಡಿಯವರೆಗೆ ಎಲ್ಲವೂ ನನ್ನ ಕುತ್ತಿಗೆಗೇ ಬರುತ್ತವೆ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇತ್ತೀಚೆಗೆ ನನಗೆ ಕಣ್ಣುರಿ. ಅದಕ್ಕೆ ಫೋನನ್ನು ಕಪ್ಪು ಮಾಡಿಕೊಂಡಿದ್ದೇನೆ. ಅಂದರೆ ಯಾವ ಪುಟ ತೆರೆದರೂ ಬಿಳಿ ಹಿನ್ನೆಲೆ ಹೋಗಿ ಕಪ್ಪು ಬರುತ್ತದೆ, ಅಕ್ಷರಗಳು ಬೆಳ್ಳಗೆ ಕಾಣುತ್ತವೆ. ಅಕ್ಕ ಅದನ್ನು ನೋಡಿದಾಗಲೆಲ್ಲ "ಇದೇನೇ, ಹೆಂಚಿನ ಹಿಂಬದಿ ನೋಡಿದಂಗ ಅದ" ಅನ್ನುತ್ತಾಳೆ.

ಮಂಟಪದ ಪುಟ ತೆರೆದು ಒಂದು ಭಾನುವಾರ ಒತ್ತಿದೆ. "ಈ ದಿನ ಖಾಲಿ ಇಲ್ಲ" ಎಂದು ಬಂತು. ಬರಲಿ, ಅದಕ್ಕೇನು. ಆದರೆ ಮೇಲಿನ ಮೂಲೆಯಲ್ಲಿ ಸಣ್ಣ ಅಕ್ಷರಗಳಲ್ಲಿ "ರಾಯಚೂರು" ಅಂತ ಇತ್ತು. ಅದರ ಕೆಳಗೆ, ಮಂಟಪದ ಚಿತ್ರ ದಾಟಿದ ಮೇಲೆ, "ಕಲ್ಮಲ". ಆಮೇಲೆ "ಕಲ್ಲೂರು", "ಮಾನ್ವಿ". ಈ ಊರುಗಳಲ್ಲೂ ಇವರ ಮಂಟಪಗಳಿವೆಯೋ ಏನೋ ಎಂದುಕೊಂಡು ಮುಂದಿನ ಭಾನುವಾರ ಒತ್ತಿದೆ. "ಈ ದಿನ ಖಾಲಿ ಇದೆ." ಈಗ ಕಲ್ಲೂರು, ಮಾನ್ವಿ ಮಾಯವಾಗಿ, ಅದೇ ಜಾಗದಲ್ಲಿ "ಗಬ್ಬೂರು", "ದೇವದುರ್ಗ" ಬಂದು ಕುಳಿತಿದ್ದವು.

ಸರಸರ ಪುಟವನ್ನು ಕೆಳಗೆ ಸರಿಸಿದೆ. ಊಟದ ಹಾಲ್, ವಾಹನ ನಿಲ್ಲಿಸುವ ಜಾಗ, ನಕಾಶೆ, ಎಲ್ಲ ದಾಟಿ ತಳ ಮುಟ್ಟಿದರೆ, ಅಲ್ಲಿ ಒಂದೇ ಶಬ್ದ. "ಮಲ್ಲಟ."

"ಯವ್ವಾ!" ಎಂದು ಕಿರುಚಿಬಿಟ್ಟೆ. ಅಡುಗೆಮನೆಯಿಂದ ಅಕ್ಕ ಲಟ್ಟಣಿಗೆ ಹಿಡಿದುಕೊಂಡೇ ಓಡಿಬಂದಳು.

"ಏನಾತ? ಮಂಟಪ ಸಿಗಲಿಲ್ಲೇನು?"

"ಆಚಾರ್ ಸರ್!" ಎಂದೆ.

"ಯಾವ ಆಚಾರ್ ಸರ್? ನಿಮ್ಮ ಕಂಪ್ಯೂಟರ್ ಸರ್? ಅವರು ತೀರಿಕೊಂಡಾರಂತ ನೀನ ಅತ್ತಿದ್ದೆಲ್ಲಾ?"

ಹೌದು, ಅತ್ತಿದ್ದೆ. ಆ ಶಬ್ದಗಳನ್ನು ಆ ಕ್ರಮದಲ್ಲಿ ಒಂದು ವೆಬ್ ಪುಟದ ಮೇಲೆ ಬರೆಯುವ ಮನುಷ್ಯ ಭೂಮಿಯ ಮೇಲೆ ಒಬ್ಬರೇ ಇದ್ದರು, ಅವರು ಈಗ ಇಲ್ಲ ಎಂದು ನಾನು ನಂಬಿದ್ದೆ.

ನಿಮಗೆ ಕಂಪ್ಯೂಟರಿನ ಗೊಡವೆ ಇಲ್ಲದಿದ್ದರೂ ಇದು ತಿಳಿಯುತ್ತದೆ, ತುಸು ಕುಳಿತು ಕೇಳಿ. ಪಿಎಚ್‌ಪಿ ಎಂಬುದೊಂದು ಭಾಷೆ ಇದೆ, ವೆಬ್ ಪುಟಗಳನ್ನು ಕಟ್ಟಿಕೊಡುವುದು ಅದರ ಕಸುಬು. ಅದರಲ್ಲಿ "ಎಕೋ" ಎಂದು ಬರೆದು, ಮುಂದೆ ಉದ್ಧರಣ ಚಿಹ್ನೆಗಳ ನಡುವೆ ಏನಾದರೂ ಬರೆದರೆ, ಅದು ಹಾಗೇ ಪುಟದ ಮೇಲೆ ಬಂದು ಬೀಳುತ್ತದೆ. "ಪ್ರಿಂಟ್" ಎಂದು ಬರೆದರೂ ಅಷ್ಟೇ. ನಾನು ಮೊದಲ ದಿನ ಪ್ರಿಂಟ್ ಎಂದು ಬರೆದು, ಗುಂಡಿ ಒತ್ತಿ, ಮೂಲೆಯಲ್ಲಿದ್ದ ಪ್ರಿಂಟರಿನ ಕಡೆ ಮುಖ ಮಾಡಿ ಕಾಗದ ಬರಲೆಂದು ಕಾಯುತ್ತ ಕುಳಿತಿದ್ದವಳು. ಆಚಾರ್ ಸರ್ ಕೇಳಿದ್ದರು, "ಯಾಕವ್ವಾ ಮಲ್ಲಟದಾಕಿ, ಆ ಕಡೆಯಿಂದ ಯಾರರ ಬರೋರಿದ್ದಾರೇನು?"

ಅವರು ಯಾರನ್ನೂ ಹೆಸರು ಹಿಡಿದು ಕರೆದವರಲ್ಲ. ಊರು ಹಿಡಿದೇ ಕರೆಯುತ್ತಿದ್ದರು. ನಾನು ಮಲ್ಲಟದಾಕಿ, ಪಕ್ಕದ ಹುಡುಗಿ ಗಬ್ಬೂರಾಕಿ. ರಾಯಚೂರಿನ ಬಸ್ ನಿಲ್ದಾಣದ ಹತ್ತಿರ, ಸ್ಟೀಲ್ ಪಾತ್ರೆ ಅಂಗಡಿಯ ಮಾಳಿಗೆ ಮೇಲಿತ್ತು ಆ ಕಂಪ್ಯೂಟರ್ ಸೆಂಟರ್. ಬೇಸಿಗೆಯಲ್ಲಿ ಗೋಡೆ ಮುಟ್ಟಿದರೆ ಕೈ ಚುರ್ರೆನ್ನುತ್ತಿತ್ತು. ಕೆಳಗೆ ಯಾರೋ ಕೊಡ ಬಾರಿಸಿ ನೋಡುತ್ತಿದ್ದರು, ಮೇಲೆ ನಾವು ಕೀಲಿಮಣೆ ಬಡಿಯುತ್ತಿದ್ದೆವು. ಸರ್ ಬೆಳಿಗ್ಗೆ ಗುಡಿಯ ಪೂಜೆ ಮುಗಿಸಿ, ಹಣೆಯ ಮೇಲೆ ಅಂಗಾರ, ತೋಳಿನ ಮೇಲೆ ಗೋಪಿಚಂದನದ ಮುದ್ರೆ, ಹಾಗೆಯೇ ಅಂಗಿ ತೊಟ್ಟು ಬಂದುಬಿಡುತ್ತಿದ್ದರು. ಕೂಲಿ ಮಾಡಿ ಓದಿಸಿದ ಮನೆಯಿಂದ ಬಂದ ನನಗೆ ಮೊದಮೊದಲು ಆ ಮುದ್ರೆಗಳನ್ನು ಕಂಡರೆ ಮಾರುದೂರ ನಿಲ್ಲುವಂತಾಗುತ್ತಿತ್ತು. ಒಂದು ವಾರವೂ ಆಗಿರಲಿಲ್ಲ, ತಮ್ಮ ಡಬ್ಬಿಯ ಅವಲಕ್ಕಿಯನ್ನು ನನ್ನ ಕೀಲಿಮಣೆಯ ಪಕ್ಕ ಸುರಿದು, "ತಿನ್ನು. ಹಸಿದ ಹೊಟ್ಟಿಲೆ ಬರದ್ರ ಸೆಮಿಕೋಲನ್ ಮರೀತದ" ಎಂದರು. ದೂರ ನಿಲ್ಲಲು ಆಮೇಲೆ ಜಾಗವೇ ಉಳಿಯಲಿಲ್ಲ.

ಪ್ರತಿ ಸಾಲಿನ ಕೊನೆಗೆ ಹಾಕಬೇಕಾದ ಆ ಸೆಮಿಕೋಲನ್ ಮರೆತರೆ ಆಗುವ ಫಜೀತಿ ಕಂಡವರಿಗೇ ಗೊತ್ತು. ಇಡೀ ಪುಟ ಬೆಳ್ಳಗೆ ನಿಂತುಬಿಡುತ್ತದೆ. ಎಲ್ಲಿ ತಪ್ಪಾಯಿತೆಂದು ಹೇಳುವುದಿಲ್ಲ, ಬಯ್ಯುವುದಿಲ್ಲ, ಸುಮ್ಮನೆ ಬಿಳಿ. ಬರೆಯುವಾಗಿನ ತಪ್ಪಾದರೆ ಕಣ್ಣಿಟ್ಟು ಹುಡುಕಬಹುದು. ಓಡುತ್ತ ಓಡುತ್ತ ನಡುವೆ ಕೈಕೊಟ್ಟರೆ ಹುಡುಕುವುದು ಹೇಗೆ? ಅದಕ್ಕೆ ಬರೆಯುವವರೆಲ್ಲ ನಡುನಡುವೆ ಒಂದೊಂದು ಎಕೋ ಇಟ್ಟು, "ಇಲ್ಲಿಗೆ ಬಂದೆ" ಎಂದು ಪುಟದ ಬಾಯಿಂದಲೇ ಹೇಳಿಸುತ್ತಾರೆ. ಎಲ್ಲಿಯತನಕ ಹೇಳಿತೋ ಅಲ್ಲಿಯತನಕ ಸರಿ, ಮುಂದೆ ತಪ್ಪು. ಎಲ್ಲ ಊರಲ್ಲೂ ಒಂದು, ಎರಡು, ಮೂರು ಎಂದು ಇಡುತ್ತಾರಂತೆ. ನಮ್ಮ ಆಚಾರ್ ಸರ್ ಬಸ್ಸಿನ ನಿಲ್ದಾಣಗಳನ್ನು ಇಡುತ್ತಿದ್ದರು. ಪುಟ ಶುರುವಾಯಿತೆಂದರೆ ರಾಯಚೂರು ಬಿಟ್ಟಿತು. ಮುಂದೆ ಕಲ್ಮಲ. ಅಲ್ಲಿ ರಸ್ತೆ ಒಡೆಯುತ್ತದಲ್ಲ, "ಹೀಗಿದ್ದರೆ ಇದು, ಇಲ್ಲದಿದ್ದರೆ ಅದು" ಎಂದು ಕೇಳುವ ಜಾಗ ಅದೇ. ಹೌದೆಂದರೆ ಗಬ್ಬೂರು, ದೇವದುರ್ಗ; ಇಲ್ಲವೆಂದರೆ ಕಲ್ಲೂರು, ಮಾನ್ವಿ.

"ಸರ್, ಮಲ್ಲಟ ಇದರಾಗ ಬರಂಗಿಲ್ಲೇನ್ರಿ?" ಎಂದು ನಾನೊಮ್ಮೆ ಕೇಳಿದ್ದೆ. ನಮ್ಮೂರು ಆ ದೊಡ್ಡ ರಸ್ತೆಗಳ ಮೇಲಿಲ್ಲ, ಒಳಗಿದೆ. ಎಲ್ಲರೂ ನಕ್ಕರು. ಸರ್ ನಗಲಿಲ್ಲ.

"ಬರ್ತದ. ಎಲ್ಲಾ ಮುಗದು, ಏನೂ ತಪ್ಪಿಲ್ಲದ ತಳಾ ಮುಟ್ಟಿದ ಮ್ಯಾಲ ಬರ್ತದ. ಯಾವ ರಸ್ತಿ ಹಿಡದ್ರೂ ಕಡೀಕ ಮಲ್ಲಟ. ಮಲ್ಲಟ ಬಂತಂದ್ರ ಮನಿ ಮುಟ್ಟಿದಂಗ."

ಅಂದಿನಿಂದ ನಮ್ಮ ತರಗತಿಯ ಎಲ್ಲ ಪುಟಗಳ ಕೊನೆಯ ಸಾಲು ನಮ್ಮೂರಾಯಿತು. ಎಂತೆಂಥ ಶ್ರೀಮಂತರ ಮಕ್ಕಳೂ "ಮಲ್ಲಟ ಬಂತ್ರಿ ಸರ್!" ಎಂದು ಕೂಗುವವರೆಗೆ ಕುರ್ಚಿ ಬಿಟ್ಟು ಏಳುವಂತಿರಲಿಲ್ಲ. ನನಗೆ ಆಗ ಆದ ಜಂಬ ಇಷ್ಟಿಷ್ಟಲ್ಲ. ಊರಿಗೆ ಹೋದಾಗ ಯವ್ವನಿಗೂ ಹೇಳಿದೆ. "ಕಂಪ್ಯೂಟರಿಗೆ ನಮ್ಮೂರು ಗೊತ್ತೇನ?" ಎಂದು ಆಕೆ ಕಳೆ ಕೀಳುತ್ತಿದ್ದ ಕೈ ನಿಲ್ಲಿಸಿ ಕೇಳಿದ್ದಳು.

ಕೂಗುವುದು ಅವರ ಇನ್ನೊಂದು ಶಿಸ್ತು. ಬರುಬರುತ್ತ ಸರ್ ತಮ್ಮ ಕುರ್ಚಿಯಲ್ಲೇ ಕೂರತೊಡಗಿದ್ದರು, ನಮ್ಮ ಪರದೆಯ ಹತ್ತಿರ ಬರುತ್ತಿರಲಿಲ್ಲ. "ಏನ್ ಬಂತು, ಓದು!" ಅನ್ನುವರು. "ಕಲ್ಮಲದಾಗ ನಿಂತದ್ರಿ ಸರ್!" ಎಂದು ನಾವು ಅರಚುವೆವು. "ಹಂಗಾರ ಕಲ್ಮಲ ದಾಟಿ ಮುಂದಿನ ಸಾಲು ಓದು. ಒಂದೊಂದ ಅಕ್ಷರ ಓದು. ಜಲ್ದಿ ಬ್ಯಾಡ." ಓದುತ್ತ ಹೋದಂತೆ ತಪ್ಪಿನ ಜಾಗದಲ್ಲಿ ಅವರ ಬೆರಳು ಮೇಜಿನ ಮೇಲೆ ಟಕ್ಕೆನ್ನುತ್ತಿತ್ತು. ಆಹಾ, ಏನು ಪದ್ಧತಿ, ನಮ್ಮ ಬಾಯಿಂದಲೇ ನಮ್ಮ ತಪ್ಪು ಹೊರಡಿಸುತ್ತಾರಲ್ಲ ಎಂದು ನಾವು ಬೆರಗಾಗುತ್ತಿದ್ದೆವು.

ಒಂದು ದಿನ ಮಟಮಟ ಮಧ್ಯಾಹ್ನ. ಗಬ್ಬೂರಾಕಿ ತನ್ನ ಪುಟ ಓದುತ್ತಿದ್ದಳು. ಸರ್ ನಡುವೆಯೇ ಕೈಯೆತ್ತಿ ನಿಲ್ಲಿಸಿ, "ತಡಿ. ಕರೆಂಟ್ ಹೋತೇನು?" ಎಂದರು.

ನಾವೆಲ್ಲ ನಕ್ಕೆವು. ಸರ್ ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡೆವು. ಏಕೆಂದರೆ ತಲೆಯ ಮೇಲೆ ಫ್ಯಾನು ಗರಗರ ತಿರುಗುತ್ತಿತ್ತು, ಕಿಟಕಿಯಿಂದ ಬಿಸಿಲು ಒಳಗೆ ಸುರಿಯುತ್ತಿತ್ತು. ಅವರೂ ನಮ್ಮ ಜೊತೆ ನಗಲು ಬಾಯಿ ತೆರೆದರು, ಮತ್ತೆ ಮೇಲೆ ಫ್ಯಾನಿನ ಸದ್ದಿನ ಕಡೆ ಮುಖ ಎತ್ತಿದರು. ಆಮೇಲೆ ಎದ್ದು ನಿಂತು ಮೇಜಿನ ಅಂಚಿಗಾಗಿ ಗಾಳಿಯಲ್ಲಿ ಕೈಯಾಡಿಸಿದರು. ಅಂಚು ಅವರ ಎದುರಿಗೇ ಇತ್ತು.

ನಗು ಯಾರ ಬಾಯಲ್ಲಿತ್ತೋ ಅಲ್ಲೇ ಸತ್ತಿತು. ಆಗ, ಒಮ್ಮೆಗೇ, ಎಲ್ಲ ತಿಳಿಯಿತು. ಸರ್ ನಮ್ಮ ಪರದೆಯ ಹತ್ತಿರ ಏಕೆ ಬರುತ್ತಿರಲಿಲ್ಲ. ಪ್ರತಿಯೊಂದನ್ನೂ ನಮ್ಮಿಂದ ಏಕೆ ಓದಿಸುತ್ತಿದ್ದರು. ಒಂದು, ಎರಡು ಬಿಟ್ಟು ಊರಿನ ಹೆಸರುಗಳನ್ನೇ ಏಕೆ ಇಡಿಸಿದ್ದರು. ಆ ಗದ್ದಲದಲ್ಲಿ ಯಾರೋ ಎರಡು ಎಂದರೆ ಯಾರ ಎರಡೋ ಏನೋ; ಕಲ್ಮಲವೆಂದರೆ ಕಿವಿಗೆ ಕಲ್ಮಲವೇ. ಎಷ್ಟು ದಿನಗಳಿಂದ ಅವರಿಗೆ ಕಾಣುತ್ತಿರಲಿಲ್ಲವೋ ದೇವರೇ ಬಲ್ಲ. ನಾವು ಯಾವುದನ್ನು ಪದ್ಧತಿ ಎಂದು ಹೊಗಳುತ್ತಿದ್ದೆವೋ ಅದು ಕಣ್ಣು ಹೋಗುತ್ತಿದ್ದ ಮನುಷ್ಯನ ಊರುಗೋಲಾಗಿತ್ತು.

ಮಾರನೆಯ ದಿನದಿಂದ ಸರ್ ಬರಲಿಲ್ಲ. ಗುಡಿಯ ಪೂಜೆಯೂ ಬಿಟ್ಟರಂತೆ. ನಾವು ಹುಡುಗಿಯರು ಅವರ ಮನೆಗೆ ಹೋದೆವು, ಮತ್ತೆ ಮತ್ತೆ ಹೋದೆವು. ಪ್ರತಿ ಸಲ ಅವರ ಹೆಂಡತಿ ಸುಧಾಬಾಯಿಯವರು ಒಳಗೆ ಕರೆದು ಚಾಪೆ ಹಾಸುವರು. ಸರ್ ಕಂಬಕ್ಕೆ ಒರಗಿ ಕುಳಿತಿರುವರು. ಕೊನೆಯ ಸಲ, "ಇನ್ನ ಬರಬ್ಯಾಡ್ರವ್ವಾ. ನನ್ನ ಪುಟ ಬೆಳ್ಳಗ ನಿಂತದ" ಎಂದರು. ಆಮೇಲೊಮ್ಮೆ ಹೋದಾಗ ಮನೆಗೆ ಬೀಗ. ಫೋನು ಹತ್ತಲಿಲ್ಲ. ಕೆಲವು ವರ್ಷ ಕಳೆದ ಮೇಲೆ ಪಾತ್ರೆ ಅಂಗಡಿಯವರನ್ನು ಕೇಳಿದರೆ, "ಆಚಾರ್ರು ತೀರಿಕೊಂಡ್ರಂತ, ನಮಗೂ ಯಾರೋ ಹೇಳಿದ್ರು" ಎಂದರು. ಮಾನ್ವಿಗೆ ಬರುವ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಅತ್ತೆ. ಮನೆಯಲ್ಲಿ ಬುದ್ಧನ ಮುಂದೆ ಅವರ ಹೆಸರಿನಲ್ಲಿ ಒಂದು ಮೇಣದಬತ್ತಿ ಹಚ್ಚಿದೆ.

ಈಗ ಹೇಳಿ, ಆ ಮನುಷ್ಯನ ಊರುಗಳು ಕಪ್ಪು ಪರದೆಯ ಮೇಲೆ ಒಂದೊಂದೇ ಎದ್ದು ಬಂದರೆ ಕಿರುಚದೆ ಏನು ಮಾಡಲಿ?

ಅಕ್ಕ ನೀರು ತಂದುಕೊಟ್ಟಳು. ಕುಡಿದ ಮೇಲೆ ತಲೆ ಓಡಿತು, ಓಡಿದ ಮೇಲೆ ಇನ್ನಷ್ಟು ಭಯವಾಯಿತು. ಪುಟ ಇದೆಯೆಂದರೆ ಬರೆದವರು ಇರಲೇಬೇಕೆಂದೇನಿದೆ? ಒಮ್ಮೆ ಬರೆದಿಟ್ಟ ಎಕೋ, ಬರೆದವರು ಹೋದರೂ ಯಾರು ಪುಟ ತೆರೆದರೂ ಹೇಳಿದ್ದನ್ನೇ ಹೇಳುತ್ತಿರುತ್ತದೆ. ಅದಕ್ಕೆ ಸೂತಕ ಗೊತ್ತಿಲ್ಲ. ಇದು ಹಳೆಯ ಪುಟವಾಗಿದ್ದರೆ? ಸತ್ತವರ ದನಿಗೆ ನಾನು ಸುಮ್ಮನೆ ಆಸೆಪಡುತ್ತಿದ್ದರೆ? ಪುಟದಲ್ಲಿದ್ದ ನಂಬರು ಒತ್ತಿದೆ.

ಮಂಟಪದ ಮ್ಯಾನೇಜರು ಎತ್ತಿಕೊಂಡರು. "ಹೇಳ್ರಿ ಮೇಡಂ, ಯಾವ ತಾರೀಖು ಬೇಕ್ರಿ?"

"ತಾರೀಖು ಇರಲಿ. ನಿಮ್ಮ ವೆಬ್‌ಸೈಟ್ ಯಾರು ಮಾಡ್ಯಾರ್ರಿ?"

"ಯಾಕ್ರಿ, ಏನರ ಕೆಟ್ಟದೇನ್ರಿ?"

"ಇಲ್ಲ ಇಲ್ಲ, ಭಾಳ ಚಲೋ ಅದ. ಯಾರು ಮಾಡ್ಯಾರ, ಅಷ್ಟ ಹೇಳ್ರಿ."

"ಮಟಮಾರಿ ಆಚಾರ್ರಂತ ಒಬ್ಬರು. ನಾ ಮುಖ ನೋಡಿಲ್ರಿ, ಎಲ್ಲಾ ಫೋನ್ಯಾಗ. ಮೊನ್ನಿನೂ ಮಾತಾಡ್ಯಾರ. ಮನಿಷ್ಯಾ ಸ್ವಲ್ಪ ವಿಚಿತ್ರ ನೋಡ್ರಿ, ಏನ್ ಮಾಡಿದ್ರೂ ನನ್ನ ಕಡೆಯಿಂದ ಗಟ್ಟಿಯಾಗಿ ಓದಸ್ತಾರ."

ನಾನು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟೆ. ಅಕ್ಕ ನನ್ನ ಮುಖ ನೋಡಿ ತಾನೂ ಕುಳಿತಳು. ಅಳುವುದೋ ನಗುವುದೋ ತಿಳಿಯದೆ ನಾನು ಎರಡನ್ನೂ ಮಾಡಿದೆ. ಆ ಪುಣ್ಯಾತ್ಮ ಮ್ಯಾನೇಜರು ಮಾತ್ರ ಪಾಪ, "ಹಲೋ, ಮೇಡಂ, ತಾರೀಖು?" ಎಂದು ಕೂಗುತ್ತಲೇ ಇದ್ದರು.

ಮರುದಿನ ಕಾಲೇಜಿಗೆ ರಜೆ ಹಾಕಿ ರಾಯಚೂರಿಗೆ ಹೋಗಿ, ಅಲ್ಲಿಂದ ಮಟಮಾರಿಯ ಬಸ್ಸು ಹಿಡಿದೆ. ಇಳಿದು ಕೇಳಿದರೆ, ಸರ್ ಅವರ ತಮ್ಮ ಆ ಊರಿನ ಪ್ರಾಣದೇವರ ಗುಡಿಯ ಪೂಜೆಗಿದ್ದಾರೆಂದು ತಿಳಿಯಿತು. ಗುಡಿಯ ಹಿಂದಿನ ಮನೆ. ಬಾಗಿಲು ತೆರೆದ ಸುಧಾಬಾಯಿಯವರ ತಲೆ ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ನೋಡಿದ ಕೂಡಲೇ ಬಾಯಿಯ ಮೇಲೆ ಕೈಯಿಟ್ಟುಕೊಂಡರು. ಪಡಸಾಲೆಯಲ್ಲಿ ಸರ್ ಲ್ಯಾಪ್‌ಟಾಪಿನ ಮುಂದೆ ಕುಳಿತಿದ್ದರು. ಪರದೆ ಮುಕ್ಕಾಲು ಮುಚ್ಚಿದಂತೆ ಬಾಗಿತ್ತು, ಅದು ಅವರಿಗೆ ಬೇಕಾಗಿಯೂ ಇರಲಿಲ್ಲ. ಬೆರಳು ಒಂದೊಂದು ಕೀಲಿ ಒತ್ತಿದಂತೆ ಯಂತ್ರದ ದನಿಯೊಂದು ಅವರು ಬರೆದದ್ದನ್ನು ಓದಿ ಹೇಳುತ್ತಿತ್ತು.

"ಯಾರದು?" ಎಂದರು.

"ಮಲ್ಲಟದಾಕಿ ರೀ ಸರ್."

ಬೆರಳು ನಿಂತವು. ಆಮೇಲೆ, "ಬಾ. ಅವಲಕ್ಕಿ ತಿಂತಿಯೇನು?" ಎಂದರು. ನನಗೆ ದುಃಖ ಒತ್ತರಿಸಿ ಬಂದು, ಯಾಕೆ ಹೀಗೆ ಮಾಡಿದಿರಿ, ನೀವು ಹೋದಿರೆಂದು ಬತ್ತಿ ಹಚ್ಚಿದ್ದೆನಲ್ಲ ಎಂದು ಬಾಯಿಗೆ ಬಂದಂತೆ ಬೈದುಬಿಟ್ಟೆ. ಗುರುಗಳನ್ನು ಬೈಯಬಾರದು ಎಂಬುದು ಬೈದು ಮುಗಿದ ಮೇಲೆ ನೆನಪಾಯಿತು.

"ನಾ ಇಲ್ಲಿ ದಿನಾ ಸಂಧ್ಯಾವಂದನಿ ಮಾಡ್ಲಿಕ್ಕತ್ತೀನಿ, ನೀ ಅಲ್ಲಿ ಬತ್ತಿ ಹಚ್ಚಿಯೇನು?" ಎಂದು ನಕ್ಕರು. ನಗು ನಿಲ್ಲಿಸಿ ಹೇಳಿದರು, "ನೀವೆಲ್ಲಾ ಬಂದು ಕೂತು ಬಾಯಿಗೆ ಸೆರಗು ಹಿಡಕೊಂಡು ಅಳ್ತಿದ್ರೆವ್ವಾ. ಕಾಣಸ್ತಿರಲಿಲ್ಲ ಖರೆ. ಕೇಳಸ್ತಿತ್ತು. ನನಗ ತಡಕೊಳ್ಳಲಿಕ್ಕೆ ಆಗಲಿಲ್ಲ. ಅದಕ್ಕ ಬಿಟ್ಟು ಬಂದೆ."

ಸದ್ದಾಗದಂತೆ ಅಳುತ್ತಿದ್ದೇವೆ ಎಂದು ನಾವು ತಿಳಿದಿದ್ದೆವು.

ಯಂತ್ರದ ದನಿ ಹಿಡಿದು ಮತ್ತೆ ಬರೆಯಲು ಕಲಿತ ಕಥೆಯನ್ನು ಅವರೇ ಹೇಳಿದರು. ಕೇಳುತ್ತ ಹೋದರೆ ಉದ್ದನೆಯ ಪುಟದಲ್ಲಿ ತಾವೆಲ್ಲಿದ್ದೇವೆಂದು ದಿಕ್ಕು ತಪ್ಪುತ್ತದಂತೆ. ಅದಕ್ಕೆ ಹಳೆಯ ನಿಲ್ದಾಣಗಳನ್ನೇ ಪುಟದೊಳಗೆ ಉಳಿಸಿಕೊಂಡಿದ್ದರು. ಕಣ್ಣಿದ್ದವರಿಗೆ ಕಾಣದಿರಲೆಂದು ಬಿಳಿಯ ಮೇಲೆ ಬಿಳಿಯಾಗಿ ಬರೆದಿದ್ದರು. ಅಲ್ಲಿಗೆ ಬಂದಾಗ ತಟ್ಟನೆ ನಿಂತು, ಮುಖ ನನ್ನ ಕಡೆ ತಿರುಗಿಸಿದರು. ಈಗ ಬೆಚ್ಚಿದವರು ಅವರು.

"ತಡಿ. ನಿನಗ ಹೆಂಗ ಕಾಣಸ್ತು? ಯಾರಿಗೂ ಕಾಣಬಾರದಲ್ಲಾ!"

"ನನ್ನ ಫೋನು ಕರಿ ಮಾಡೀನ್ರಿ ಸರ್. ಕರಿ ಮ್ಯಾಲ ಬಿಳಿ ಎದ್ದು ಬಂತ್ರಿ."

"ಅಯ್ಯ ರಾಮಾ! ಅಂದ್ರ ಮದಿವಿ ಮಂದಿಗೆಲ್ಲಾ ಕಲ್ಮಲ ಕಾಣಲಿಕ್ಕತ್ತದೇನು?" ಎಂದು ಹಣೆ ಬಡಿದುಕೊಂಡರು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಒರೆಸಿಕೊಂಡು ಮೆಲ್ಲಗೆ, "ಕತ್ತಲಾಗ ಕಂಡಿತನ್ನು" ಎಂದರು. ತಪ್ಪು ತಪ್ಪೇ, ಇವತ್ತೇ ಸರಿಮಾಡುತ್ತೇನೆ ಎಂದು ಹಟ ಹಿಡಿದರು. ಬೇಡ, ಹಾಗೇ ಇರಲಿ ಎಂದರೆ ಕೇಳುವ ಜೀವವೇ ಅದು?

ನಿನ್ನೆ ಸಂಜೆ ಕಾಲೇಜಿನಿಂದ ಬಂದು ಚಹಾ ಇಡುತ್ತಿದ್ದೆ. ಅಕ್ಕ ಸಂತೆಗೆ ಹೋಗಿದ್ದಳು. ಫೋನು ಬಂತು. ನಮಸ್ಕಾರವಿಲ್ಲ, ಏನಿಲ್ಲ. "ಪುಟಾ ತಗಿ. ನಿನ್ನ ಕರಿ ಫೋನ್ಯಾಗ ತಗಿ. ಏನ್ ಬಂತು, ಓದು!"

ತೆರೆದೆ. ಮಂಟಪದ ಚಿತ್ರ, ತಾರೀಖುಗಳು, ಊಟದ ಹಾಲ್, ನಕಾಶೆ. ರಾಯಚೂರಿಲ್ಲ, ಕಲ್ಮಲವಿಲ್ಲ. ತಳದವರೆಗೂ ಹೋದೆ, ತಳದಲ್ಲಿ ಬರೀ ಕಪ್ಪು.

"ಏನೂ ಕಾಣವಲ್ದು ರೀ ಸರ್."

"ಬರೋಬ್ಬರಿ ಆತು" ಎಂದು ಇಟ್ಟುಬಿಟ್ಟರು.

ಸರಿಯಾದದ್ದಕ್ಕೆ ಸಂತೋಷಪಡಬೇಕು. ಆದರೆ ನನಗದು ಆಗಲಿಲ್ಲ. ಅವರು ಎರಡನೆಯ ಸಲ ಮನೆಗೆ ಬೀಗ ಹಾಕಿ ಹೋದಂತೆ ಆ ಕಪ್ಪು ಜಾಗವನ್ನೇ ನೋಡುತ್ತ ನಿಂತೆ. ಚಹಾ ಉಕ್ಕಿ ಒಲೆಗೆ ಬಿತ್ತು. ಒಲೆ ಆರಿಸಿದೆ. ಆಮೇಲೆ ಏನೋ ಹೊಳೆದು, ಆ ಖಾಲಿ ಭಾನುವಾರವನ್ನು ಒತ್ತಿ, ಫೋನಿನಲ್ಲಿ ಓದಿ ಹೇಳುವ ದನಿಯನ್ನು ಹುಡುಕಿ ಚಾಲೂ ಮಾಡಿ, ಅದೇ ಪುಟದ ಮೇಲೆ ಬೆರಳಿಟ್ಟು, ಕಣ್ಣು ಮುಚ್ಚಿಕೊಂಡೆ.

"ರಾಯಚೂರು" ಎಂದಿತು ದನಿ, ಭಾವವಿಲ್ಲದೆ, ಕಂಡಕ್ಟರನ ಹಾಗೆ. ಮಂಟಪದ ಹೆಸರು ಓದಿತು. "ಕಲ್ಮಲ" ಎಂದಿತು. ಭಾನುವಾರ ಖಾಲಿ ಇದೆ ಎಂದಿತು. ಗಬ್ಬೂರು ದಾಟಿತು, ದೇವದುರ್ಗ ದಾಟಿತು. ನಾನು ಅಡುಗೆಮನೆಯ ಕಟ್ಟೆ ಹಿಡಿದು ಕಾದೆ. ನಕಾಶೆ ಕಳೆಯಿತು, ವಿಳಾಸ ಕಳೆಯಿತು, ದನಿ ಒಂದು ಉಸಿರಿನಷ್ಟು ನಿಂತು ಕೊನೆಯ ಶಬ್ದ ಹೇಳಿತು.

"ಮಲ್ಲಟ ಬಂತ್ರಿ ಸರ್!" ಎಂದು ಆ ಖಾಲಿ ಮನೆಯಲ್ಲಿ ಗಟ್ಟಿಯಾಗಿ ಕೂಗಿದೆ, ಕಣ್ಣು ತೆರೆಯದೆಯೇ.